ಬ್ಯಾರನ್ನಿನಲ್ಲಿ ಗಿಟಾರು

ಆ ಭಾನುವಾರ ಸಂಜೆ ಆರರೊಳಗೆ ದೀಪಶ್ರೀ ಒಂದು ಹಾಡು ನುಡಿಸಿ, ಮೊಬೈಲಿನಲ್ಲಿ ಹಿಡಿದು, ಹಾಸನಕ್ಕೆ ಕಳಿಸಬೇಕಿತ್ತು. ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರಿಗೆ ಇದ್ದದ್ದು ಒಂದೇ ಜಾಗ, ನಿಂತವರು ಇಬ್ಬರು. ಇನ್ನೊಬ್ಬ ಕೇದಾರ್, ಅವನ ಕಾಲ ಬುಡದಲ್ಲಿ ಗಿಟಾರಿನ ದನಿ ಬದಲಿಸುವ ಬಣ್ಣಬಣ್ಣದ ಏಳು ಪೆಡಲ್‌ಗಳಿರುತ್ತಿದ್ದವು. ಇವಳಿಗಿದ್ದದ್ದು ಹಳೆಯ ಗಿಟಾರು, ಅದರ ಸದ್ದು ಹಿಗ್ಗಿಸಲು ಅಕ್ಕಿ ಡಬ್ಬದಷ್ಟು ಎತ್ತರದ ಒಂದು ಆಂಪ್, ಅರಕಲಗೂಡಿನ ಪಕ್ಕದ ಹಳ್ಳಿಯಲ್ಲಿ ಅಜ್ಜಿ ಬೆಟ್ಟಮ್ಮನ ಮನೆ, ಇಷ್ಟೇ.

ಹಾಡು ಇಂಗ್ಲಿಷಿನದು. ರಾಕ್ ಬ್ಯಾಂಡಿನದಾದರೂ ಕುಣಿಸುವಂಥದ್ದಲ್ಲ. ಮೆಲ್ಲಗೆ ಶುರುವಾಗಿ, ಹಾಡುವವನು ಸುಮ್ಮನಾದ ಮೇಲೆ ಗಿಟಾರೊಂದೇ ನಿಂತು, ಅಳು ನುಂಗಿಕೊಂಡವರ ಹಾಗೆ ಮಾತಾಡಬೇಕು. ಆ ದನಿ ಸಿಗದಿದ್ದರೆ ಬೆರಳು ಎಷ್ಟು ಓಡಿದರೂ ದಂಡ.

ದನಿ ಹಿಂದಿನ ಭಾನುವಾರವೇ ಸಿಕ್ಕಿತ್ತು. ಮನೆಯಲ್ಲಿ ನುಡಿಸಿದರೆ ಎಮ್ಮೆ ಹಾಲು ಬಿಡುವುದಿಲ್ಲವೆಂದು ಅಜ್ಜಿ ಆಚೆಗಟ್ಟಿದ್ದರಿಂದ ಅವಳು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹೋಗಿ ಕೂತಿದ್ದಳು. ವರ್ಷದ ಕೊನೆಯ ಸೊಪ್ಪು ಬೆಂದು, ಒಲೆ ಆರಿ, ಎಲೆ ಮೆತ್ತಗಾಗಲೆಂದು ಬಾಗಿಲು ತೆರೆದಿಟ್ಟಿದ್ದ ದಿನ. ತಲೆಯ ಮೇಲೆ ಕಡ್ಡಿಕಡ್ಡಿಗೂ ಹೊಂಬಣ್ಣದ ಸೊಪ್ಪು ನೇತಾಡುತ್ತಿತ್ತು. ಆಂಪಿನ ತಿರುಪುಗಳಲ್ಲಿ ಟ್ರೆಬಲ್ ಕೂದಲೆಳೆಯಷ್ಟು ಇಳಿಸಿ, ಗೇನ್ ಅಷ್ಟೇ ಏರಿಸಿ, ತಂತಿ ಎಳೆದು, ಕೇಳಿ, ಮತ್ತೆ ತಿರುಗಿಸಿ, ಮೂರು ಗಂಟೆ ಹೆಣಗಿದ ಮೇಲೆ ದನಿ ಬಂದು ಕೂತಿತು. ತಿರುಪುಗಳು ನಿಂತ ಕಡೆಯೆಲ್ಲ ಅಜ್ಜಿಯ ಎಲೆಯಡಿಕೆ ಸುಣ್ಣದಿಂದ ಒಂದೊಂದು ಚುಕ್ಕಿ ಇಟ್ಟಳು. ಒಂದು ವಾರ ಕೈ ಪಳಗಲಿ, ಆಮೇಲೆ ರೆಕಾರ್ಡ್ ಮಾಡಿದರಾಯಿತೆಂದು ಆಂಪನ್ನು ಅಲ್ಲೇ ಬಿಟ್ಟು ಹಾಸನದ ಬಸ್ಸು ಹತ್ತಿದಳು.

ಈಗ ಬಂದು ಚುಕ್ಕಿಗೆ ಚುಕ್ಕಿ ಹೊಂದಿಸಿ ನುಡಿಸಿದರೆ, ತಗಡಿನ ಮೇಲೆ ಮೊಳೆ ಗೀಚಿದ ಸದ್ದು!

“ಮಾವಾ! ಆಂಪ್ ಮುಟ್ಟಿದ್ಯಾ?”

ಬಾಗಿಲಲ್ಲಿ ಪುಟ್ಟಸ್ವಾಮಿ ಇಣುಕಿದ. ತಾಯಿಯ ತಮ್ಮ, ಈ ಬ್ಯಾರನ್ನಿನ ಒಲೆ ಕಾಯುವವನು ಅವನೇ.

“ದೇವ್ರಾಣೆ ಮುಟ್ಟಿಲ್ಲ ಕಣವ್ವ.” ತಲೆ ಕೆರೆದುಕೊಂಡ. “ಒಂದ್ ಕಿತ ಮುಟ್ಟಿದ್ದೆ. ಆದ್ರೆ ಸುಣ್ಣದ ಚುಕ್ಕಿಗೇ ತಂದು ನಿಲ್ಸಿವ್ನಿ.”

“ಒಂದೇ ಸಲಾನಾ?”

“ದಿನಕ್ಕೊಂದ್ ಕಿತ.”

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆದರೂ ಚುಕ್ಕಿಗಳು ಸರಿಯಾಗೇ ಇದ್ದವು. ತಂತಿ ಬದಲಿಸಿದಳು. ವೈರು ಬದಲಿಸಿದಳು. ಟ್ರೆಬಲ್ ಏರಿಸಿದಳು. ಮಾವ ಹೊಸಿಲ ಮೇಲೆ ಕೂತು ತೀರ್ಪು ಕೊಡತೊಡಗಿದ.

“ಈಗ ಕುಕ್ಕರ್ ಕೂಗ್ದಂಗೈತೆ.”

ಇಳಿಸಿದಳು.

“ಈಗ ಅದೇ ಕುಕ್ಕರ್ ಮ್ಯಾಲೆ ದಿಂಬಾಕಿ ಕೂತಂಗೈತೆ. ಒಂದೇಟ್ಗೆ ಎಲ್ಲಾ ತಿರುಗುಸ್ಬ್ಯಾಡ ಕಣವ್ವ. ನಮ್ ಒಲೇಗೂ ಇಂಗೇಯ. ಒಂದ್ ತಿರುಗ್ಸು, ಒಂದ್ ಬೀಡಿ ಸೇದು, ಆಮ್ಯಾಕೆ ಇನ್ನೊಂದು.”

“ನಾನು ಬೀಡಿ ಸೇದಲ್ಲ ಮಾವ.”

“ಅಂಗಾರೆ ನಾ ಸೇದ್ತೀನಿ, ನೀ ತಿರುಗ್ಸು.”

ಮೂರು ಬೀಡಿ ಮುಗಿದವು. ಗಂಟೆ ನಾಲ್ಕೂವರೆ. ಕೇದಾರನ ಏಳು ಪೆಡಲ್‌ಗಳು ಅವಳ ಕಣ್ಣ ಮುಂದೆ ಸಾಲಾಗಿ ಕೂತು ನಗುತ್ತಿದ್ದವು. ಅಷ್ಟರಲ್ಲಿ ಬೆಟ್ಟಮ್ಮ ಮನೆಯಿಂದ ಕಾಫಿಗೆ ಕರೆದಳು. ಬ್ಯಾರನ್ನಿನೊಳಗೆ ಬಂದು ನಿಂತಿದ್ದ ಪುಟ್ಟಸ್ವಾಮಿ “ಬಂದೋ!” ಎಂದು ಕೂಗಿದ. ನಾಲ್ಕು ಗೋಡೆಯೂ “ಓ… ಓ…” ಎಂದವು.

“ಥೂ! ಕೂಗುದ್ರೆ ನಂಗೇ ವಾಪಸ್ ಕೂಗ್ತದಲ್ಲ! ಸೊಪ್ಪಿದ್ದಾಗ ಎಷ್ಟ್ ಕಿರುಚುದ್ರೂ ಅದೇ ನುಂಗ್ಕತಿತ್ತು.”

ದೀಪಶ್ರೀ ತಲೆ ಎತ್ತಿ ನೋಡಿದಳು. ಮೇಲೆ ಬರೀ ಕಡ್ಡಿ. ಸುತ್ತ ಬೋಳು ಗೋಡೆ, ನೆಲದಲ್ಲಿ ಕಬ್ಬಿಣದ ಕೊಳವೆ. ಸುಣ್ಣದ ಚುಕ್ಕಿ ಇಡುವಾಗ ಸೊಪ್ಪಿಗೊಂದು ಚುಕ್ಕಿ ಇಡುವುದನ್ನು ಮರೆತಿದ್ದಳು!

“ಮಾವ, ಸೊಪ್ಪೆಲ್ಲಿ?”

“ಬುಧವಾರಾನೇ ಇಳ್ಸಿ ಮನೇಗೆ ಸಾಗ್ಸಿವ್ನಿ. ತಿರ್ಗಾ ಏರ್ಸು ಅಂದ್ರೆ ಊರ್ ಬುಟ್ಟೋಯ್ತೀನಿ.”

“ಬೇಡ. ಅಜ್ಜಿ ಹತ್ರ ಸೀರೆ ಎಷ್ಟಿದಾವೆ?”

ಕಾಲು ಗಂಟೆಯಲ್ಲಿ ಬೆಟ್ಟಮ್ಮನ ಟ್ರಂಕು ಬರಿದಾಯಿತು. ಪುಟ್ಟಸ್ವಾಮಿ ಕೋತಿಯ ಹಾಗೆ ಮೇಲೇರಿ ಕಡ್ಡಿಗಳಿಗೆ ಹನ್ನೊಂದು ಸೀರೆ ಇಳಿಬಿಟ್ಟ, ಗೋಡೆಗೆ ನಾಲ್ಕು ಕಂಬಳಿ. ಹಿಂದೆಯೇ ಬೆಟ್ಟಮ್ಮ ಓಡಿಬಂದಳು.

“ಲೇ ಪುಟ್ಟ! ಆರ್ ಗಂಟೇಗೆ ಸುವರ್ಣಮ್ಮನ ಸೊಸೆ ಸೀಮಂತ ಕಣ್ಲಾ. ಏನ್ ಉಟ್ಕಂಡೋಗ್ಲಿ, ಗೋಣೀಚೀಲವಾ?”

“ಅದೂ ಇಲ್ಲೇ ಬೇಕಾಗ್ಬೋದು, ತಡ್ಕವ್ವ.”

ದೀಪಶ್ರೀ ತಿರುಪುಗಳನ್ನು ಚುಕ್ಕಿಗೆ ತಂದು ಒಂದೇ ತಂತಿ ಎಳೆದಳು. ದನಿ ಚೀರಲಿಲ್ಲ, ತುಂಬಿ ಬಂದು, ಮೆಲ್ಲಗೆ ನಡುಗಿ, ಸೀರೆಗಳ ನಡುವೆ ಇಳಿದುಹೋಯಿತು. ಬೆಟ್ಟಮ್ಮನ ಬೈಗುಳವೂ ಅರ್ಧಕ್ಕೇ ನಿಂತಿತು. ಮೊಬೈಲನ್ನು ಒಲೆಯ ಕಟ್ಟೆಗೆ ಒರಗಿಸಿ ಹಾಡನ್ನು ಶುರುಮಾಡಿದಳು. ಎಲ್ಲಿಯೂ ತಪ್ಪಲಿಲ್ಲ. ಕೊನೆಯ ಸ್ವರ ಇನ್ನೇನು ಕರಗಬೇಕು, ಹಿಂದಿನಿಂದ ಅಜ್ಜಿ, “ಚೆಂದಾಗೈತೆ ಕಣವ್ವ. ಈಗ ಆ ನೀಲಿ ಸೀರೆ ಕೊಟ್ಬುಡು” ಎಂದಳು.

ಐದೂ ಮುಕ್ಕಾಲು. ಇನ್ನೊಮ್ಮೆ ನುಡಿಸಲು ಹೊತ್ತೇನೋ ಇತ್ತು, ಆದರೆ ನೀಲಿ ಸೀರೆ ಆಗಲೇ ಕೆಳಗಿಳಿದಿತ್ತು. ಹಾಗೇ ಕಳಿಸಿಬಿಟ್ಟಳು.

ಸೀಮಂತದ ಮನೆಯಲ್ಲಿ ಹೆಂಗಸರೆಲ್ಲ, ಬೀಡಿ ಸೇದಿ ಬಂದವರು ಯಾರೆಂದು ಮೂಗರಳಿಸಿ ಒಬ್ಬರನ್ನೊಬ್ಬರು ನೋಡಿದರಂತೆ. ನೀಲಿ ಸೀರೆಯ ಬೆಟ್ಟಮ್ಮನೂ ಅವರ ಜೊತೆ ಸೇರಿ ನೋಡಿದಳಂತೆ.

ಏಳಕ್ಕೆ ಬ್ಯಾಂಡಿನ ಹರ್ಷವರ್ಧನನ ಮೆಸೇಜು ಬಂತು: “ಜಾಗ ನಿಂದೇ. ಮಂಗಳವಾರ ಪ್ರಾಕ್ಟೀಸಿಗೆ ಬಾ. ಆ ಸೌಂಡಿಗೆ ಯಾವ ಪೆಡಲ್ ಹಾಕಿದೆ? ಕೊನೇಲಿ ಮಾತಾಡಿದ್ದು ಯಾರು?”

ಕಂಬಳಿ ಮಡಚುತ್ತಿದ್ದ ಮಾವನಿಗೆ ಅದನ್ನು ಓದಿ ಹೇಳಿ, ಅವಳು ಒತ್ತಿದಳು: “ಪೆಡಲ್ ಇಲ್ಲ. ಹನ್ನೊಂದು ಸೀರೆ, ನಾಲ್ಕು ಕಂಬಳಿ. ಮಾತಾಡಿದ್ದು ಸೀರೆಯವರು.”