ಮಲ್ಕಪ್ಪ ಕಟ್ಟಿದ ಟಗರು

"ಅಲುಗಾಡಬ್ಯಾಡಲೇ, ತೊಡಿ ಬಿಗಿ ಹಿಡಿ," ಎಂದು ಮಲ್ಕಪ್ಪ ಅಂಬ್ರಪ್ಪನ ಬಲಗಾಲನ್ನು ಹೆಬ್ಬೆರಳಿನಿಂದ ಒತ್ತಿದ.

"ಹಲ್ಲೂ ನೋಡ್ತೀ ಏನ್ ಕಾಕಾ?" ಶಹಾಪುರ ಟೀಮಿನ ಗೋಲು ಕಾಯುವ ಅಂಬ್ರಪ್ಪ ಬಾಯಿ ಅಗಲಿಸಿ ತೋರಿಸಿದ. ಮಸ್ತಾನಸಾಬರ ಚಹಾದಂಗಡಿ ಮುಂದೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು.

ಮಲ್ಕಪ್ಪ ನಗಲಿಲ್ಲ. ಟಗರಿನ ಕಾಳಗಕ್ಕೆ ಮುಂಚೆ ಎರಡೂ ಕಡೆಯ ಟಗರುಗಳ ಕಾಲು, ಗೊರಸು, ಕತ್ತು ಮುಟ್ಟಿ ನೋಡಿ ಇಂಥದ್ದು ಗೆಲ್ಲುತ್ತದೆ ಎಂದು ಅವನು ಹೇಳಿದರೆ ಮುಗಿಯಿತು, ಗೋಗಿಯಿಂದ ಸುರಪುರದ ತನಕ ಜನ ಅದರ ಮೇಲೇ ಶರತ್ತು ಕಟ್ಟುತ್ತಿದ್ದರು. ಆದರೆ ನೋಡಿ ಹೇಳುವವನು ತಾನು ಶರತ್ತು ಕಟ್ಟುವಂತಿಲ್ಲ. ಕಟ್ಟಿದನೋ, ಮತ್ತೆ ಅವನ ಮಾತನ್ನು ಯಾರೂ ನಂಬುವುದಿಲ್ಲ, ಕರೆಯುವುದೂ ಇಲ್ಲ. ಫುಟ್‌ಬಾಲ್ ಅವನಿಗೆ ಅಷ್ಟಕ್ಕಷ್ಟೇ. ಆದರೇನು, ನಾಳೆ ಯಾದಗಿರಿಯವರ ಜೊತೆ ಪಂದ್ಯ. ಕಾಲಿನ ಆಟ ಅಂದಮೇಲೆ ಮಲ್ಕಪ್ಪನನ್ನು ಕೇಳದೆ ಕಟ್ಟುವವರು ಯಾರು?

ಛತ್ರದಲ್ಲಿ ಇಳಿದಿದ್ದ ಯಾದಗಿರಿಯ ಹುಡುಗರನ್ನು ಅವನು ಬೆಳಿಗ್ಗೆಯೇ ಮುಟ್ಟಿ ನೋಡಿ ಬಂದಿದ್ದ. ಅವರಿಗೆ ಬೂಟುಗಳಿದ್ದವು.

"ಹೇಳಪಾ ಮಲ್ಕಪ್ಪ," ಎಂದರು ಮಸ್ತಾನಸಾಬರು, ಕಪ್ಪು-ಬಸಿ ಒರೆಸುತ್ತ. ಅವರ ಮಗನೂ ಶಹಾಪುರದ ಟೀಮಿನಲ್ಲಿದ್ದ.

"ಸುಳ್ಳು ಹೇಳಾಕ ಬರೂದಿಲ್ರಿ ನನಗ. ಅವರ ತೊಡಿ ಕಲ್ಲಿನಂಗ ಅದಾವ. ನಮ್ಮ ಹುಡುಗರು ಹೊಟ್ಟಿತುಂಬ ಉಂಡಿಲ್ಲ. ಯಾದಗಿರಿ ಗೆಲ್ತದ."

ಅಂಬ್ರಪ್ಪ ಬಾಯಿ ಮುಚ್ಚಿಕೊಂಡು ಧೋತರದ ಅಂಚು ಕೆಳಗಿಳಿಸಿದ. ಅಲ್ಲಿದ್ದವರೆಲ್ಲ ಯಾದಗಿರಿಯ ಕಡೆಗೇ ವಾಲಿದರು. ಈಗ ಎದುರು ಕಟ್ಟುವವರೇ ಇಲ್ಲ. ತನ್ನ ಹೊಸ ಸೈಕಲ್ಲನ್ನೇ ಯಾದಗಿರಿ ಪರ ಇಟ್ಟಿದ್ದ ಹತ್ತಿ ದಲಾಲ ಭಗವಂತರಾಯನಿಗೆ ಮಜಾ ಕೆಟ್ಟಿತು.

"ಏನ್ರಪಾ, ಶಾಪುರದ ಪರ ಒಬ್ಬ ಗಂಡಸೂ ಇಲ್ಲೇನು? ನಿಮ್ಮವರು ಓಡೂದ್ರಾಗ ಭಾಳ ಹುಷಾರ ಅದಾರ ಮತ್ತ! ಗಲಾಟ್ಯಾಗ ಮನಿ ಮಾರು ಬಿಟ್ಟು ಓಡಿದ್ರಲ್ಲ, ನಾಳಿ ಚೆಂಡ ಬಂದ್ರೂ ಹಂಗ ಓಡ್ತಾರ."

ಯಾರೂ ನಗಲಿಲ್ಲ. ನಿಜಾಮನ ಕೊನೆಯ ದಿನಗಳ ಆ ಗಲಾಟೆ ಇನ್ನೂ ಹಸಿಯಾಗಿತ್ತು. ರಜಾಕಾರರಿಗೆ ಹೆದರಿ ಮಲ್ಕಪ್ಪ ಕುರಿ ಹೊಡೆದುಕೊಂಡು ಸರಹದ್ದು ದಾಟಿದ್ದ. ಹಿಂದೂಸ್ತಾನದ ಫೌಜು ಬಂದ ಮೇಲೆ ಮಸ್ತಾನಸಾಬರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಿದ್ದರು. ಇಬ್ಬರೂ ತಿರುಗಿ ಬಂದದ್ದು ಇದೇ ಬೀದಿಗೆ. ಮಸ್ತಾನಸಾಬರ ಕೈಯಲ್ಲಿ ಬಸಿ ಹಾಗೇ ನಿಂತಿತ್ತು.

"ಓಡಿದ್ದು ಖರೆ ಅದ," ಎಂದ ಮಲ್ಕಪ್ಪ. "ತಿರುಗಿ ಬಂದೀವಲ್ಲ, ಅದನ್ಯಾಕ ಹೇಳವಲ್ರಿ ಸಾವ್ಕಾರ್ರ? ಇಡ್ರಿ ನಿಮ್ಮ ಸೈಕಲ್ಲು. ನನ್ನ ಟಗರು ಶಾಪುರದ ಪರ."

"ಈಗರೆ ಸೋಲ್ತಾರಂತ ಅಂದಿ?" ಎಂದ ಭಗವಂತರಾಯ.

"ಅಂದೀನಿ. ಆ ಮಾತು ತಿರುಗಿಸೂದಿಲ್ಲ. ಗೊತ್ತಿದ್ದೇ ಕಟ್ಟಾಕತ್ತೀನಿ."

"ಮಲ್ಕಪ್ಪ, ಇನ್ನ ಮ್ಯಾಲ ನಿನ್ನ ಯಾರೂ ಕರಿಯೂದಿಲ್ಲ ನೋಡು," ಮಸ್ತಾನಸಾಬರು ಮೆಲ್ಲಗೆ ಎಂದರು.

"ಕರೀಬ್ಯಾಡ್ರಿ."

ಸಂಜೆ ಸುದ್ದಿ ಕೇಳಿ ಹೆಂಡತಿ ಮಾಳಮ್ಮ ಕಸಬರಿಗೆ ಬಿಸಾಕಿದಳು. ಇಡೀ ಹಿಂಡಿಗೆ ಅದೊಂದೇ ಟಗರು. ಸರಹದ್ದು ದಾಟುವಾಗ ಅವಳು ಸೆರಗಿನಲ್ಲಿ ಕಟ್ಟಿಕೊಂಡು ನಡೆದ ಮರಿ. "ನನ್ನ ಒಂದ ಮಾತು ಕೇಳಲಾರ್ದ ಕಟ್ಟಿ ಬಂದೀಯಾ? ಸೋತ್ರ ಹಿಂಡಿನ ಗತಿ ಏನು?"

ಮಲ್ಕಪ್ಪ ಭಗವಂತರಾಯನ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಅವಳು ಬಿಸಾಕಿದ ಕಸಬರಿಗೆಯನ್ನು ಎತ್ತಿ ಮೂಲೆಗಿಟ್ಟಳು. ಆಮೇಲೆ, "ಆಟ ಎಷ್ಟೊತ್ತಿಗಂತ?" ಎಂದಷ್ಟೇ ಕೇಳಿದಳು.

ಮರುದಿನ ಇಳಿಹೊತ್ತಿಗೆ ಮೈದಾನದಲ್ಲಿ ಗಂಡಸರ ಗುಂಪು ತಾನಾಗಿ ಇಬ್ಭಾಗವಾಗಿ ದಾರಿ ಬಿಟ್ಟಿತು. ಮಾಳಮ್ಮ ಟಗರಿನ ಹಗ್ಗ ಹಿಡಿದು ನಡುವೆ ನಡೆದು ಬಂದಳು. ಭಗವಂತರಾಯನ ಕುರ್ಚಿಯ ಪಕ್ಕದ ಬೇವಿನ ಮರಕ್ಕೇ ಅದನ್ನು ಕಟ್ಟಿದಳು.

"ಇಲ್ಲೇ ಯಾಕವಾ?" ಅವನು ಕುರ್ಚಿ ಸರಿಸಿದ.

"ಕಟ್ಟಿದ ಮ್ಯಾಲ ನಿಮ್ಮ ಕಣ್ಣಮುಂದ ಇರ್ಲಿರಿ," ಎಂದು ಮಣ್ಣಿನ ಮೇಲೇ ಕೂತಳು.

ಸೀಟಿ ಕೂಗಿತು. ಯಾದಗಿರಿಯ ಬೂಟೊಂದು ಧೂಳೆಬ್ಬಿಸುತ್ತ ನುಗ್ಗಿ ಬಂದು ಚೆಂಡನ್ನು ಬಲವಾಗಿ ಒದೆಯಿತು. ಅಂಬ್ರಪ್ಪ ನಿಂತಲ್ಲಿಂದ ಕದಲಲಿಲ್ಲ. ಚೆಂಡು ಅವನ ಎದೆಗೆ ಬಡಿದ ಸದ್ದು ಬೇವಿನ ಮರದವರೆಗೂ ಕೇಳಿಸಿತು.

ಟಗರು ಬೆಚ್ಚಿ ಕಿವಿ ನಿಮಿರಿಸಿತು. ಮಾಳಮ್ಮ ಮೈದಾನದಿಂದ ಕಣ್ಣು ತೆಗೆಯದೆ ಮಡಿಲಿನ ಜೋಳವನ್ನು ಅಂಗೈಗೆ ಸುರಿದುಕೊಂಡು ಅದರ ಬಾಯಿಗೆ ಹಿಡಿದಳು.