ಒಂಟಿ ಚೀಲದ ಕೊಕ್ಕೆ

ಕಡಲ ದಂಡೆಯ ಹಾರ್ಲಿಂಗನ್ ಊರಿನಲ್ಲಿ, ಸೈಕಲ್ ಕ್ಯಾರಿಯರ್‌ನ ಪಕ್ಕಕ್ಕೆ ನೇತುಹಾಕುವ ಚೀಲದ ಕೊಕ್ಕೆ ಮುರಿದರೆ ಜನ ಅಂಗಡಿಗೆ ಹೋಗುವುದಿಲ್ಲ, ನೀಂಕೆಯ ಹತ್ತಿರ ಹೋಗುತ್ತಾರೆ. ಶನಿವಾರ ಬೆಳಿಗ್ಗೆ ಬಡಾವಣೆಯ ಸಮುದಾಯ ಭವನದಲ್ಲಿ ಹಳೆಯ ಸಾಮಾನು ದುರಸ್ತಿ ಮಾಡುವವರು ಮೇಜು ಹಾಕಿಕೊಂಡು ಕೂರುತ್ತಾರೆ. ಒಂದರ ಮೇಲೆ ಕೆಟ್ಟ ಇಸ್ತ್ರಿಪೆಟ್ಟಿಗೆ, ಇನ್ನೊಂದರ ಮೇಲೆ ಹರಿದ ಕೋಟು. ಕಿಟಕಿ ಪಕ್ಕದ ಮೇಜು ನೀಂಕೆಯದು. ಸಾಮಾನು ಕೊಟ್ಟು ಸಂಜೆ ಬರುತ್ತೇನೆಂದು ಹೋಗುವಂತಿಲ್ಲ. ತಂದವರು ಪಕ್ಕದಲ್ಲೇ ಕೂತು ಇಕ್ಕಳ ಹಿಡಿಯಬೇಕು, ಹರಟೆ ಹೊಡೆಯಬೇಕು, ಕಾಫಿ ಕುಡಿಯಬೇಕು. ಕಾಫಿಯ ಯಜಮಾನಿಕೆ ನೀಂಕೆಯ ಅತ್ತೆ ಬಾಕ್ಯೆಯದು. ಎಂಬತ್ತು ದಾಟಿದ ಈ ಮುದುಕಿ ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದು, ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಟಪ್ಪೆಂದು ಮುಚ್ಚುತ್ತಾಳೆ. ಎರಡನೆಯದಕ್ಕೆ ಆಸೆಪಟ್ಟವರ ಬೆರಳು ಸಿಕ್ಕಿಕೊಂಡದ್ದೂ ಉಂಟು.

ನೀಂಕೆ ಮೊದಲು ಹಾಯಿ ಹೊಲಿಯುವ ಕಾರ್ಖಾನೆಯಲ್ಲಿದ್ದವಳು. ತಾಮ್ರದ ರಿವೆಟ್ ಮೊಳೆ ಬಡಿದು ಕೂರಿಸುವುದರಲ್ಲಿ ಅವಳ ಕೈ ಪಳಗಿತ್ತು. ಚೀಲದ ಬೆನ್ನಿನ ಹಲಗೆಗೆ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಕೊಕ್ಕೆ ಕೂರಿಸಿ, ರಿವೆಟ್ ತಲೆಯನ್ನು ಗುಂಡು ಸುತ್ತಿಗೆಯಿಂದ ಬಟ್ಟಲಿನ ಹಾಗೆ ದುಂಡಗೆ ಮಾಡುತ್ತಿದ್ದಳು. ಆಮೇಲೆ ಶುರುವಾಗುತ್ತಿತ್ತು ಅವಳ ಹುಚ್ಚು. ಗೋಡೆಗೆ ಬಿಗಿದ ಹಳೆಯ ಕ್ಯಾರಿಯರ್‌ಗೆ ಚೀಲವನ್ನು ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಬಿಟ್ಟು ಜೋತುಬಿದ್ದು ಎಳೆಯುತ್ತಿದ್ದಳು. ಮತ್ತೆ ಎಳೆಯುತ್ತಿದ್ದಳು. ಮತ್ತೆ.

"ಸಾಕು ಬಿಡೇ ನೀಂಕೆ," ಎಂದು ಜನ ನಗುತ್ತಿದ್ದರು. "ನಾನು ಅದ್ರಲ್ಲಿ ಆಲೂಗಡ್ಡೆ ತರೋದು, ಆನೆಮರಿ ಅಲ್ಲ."

ನೀಂಕೆ ನಗುತ್ತಿರಲಿಲ್ಲ. ಕಾಫಿ ಹಂಚುತ್ತಿದ್ದ ಬಾಕ್ಯೆಯೂ ಆ ಹೊತ್ತಿಗೆ ಸರಿಯಾಗಿ ಮುಖ ಆಚೆ ತಿರುಗಿಸುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ, ಮಂಜು ಕವಿದಿದ್ದ ಒಂದು ನವೆಂಬರಿನಲ್ಲಿ, ನೀಂಕೆಯ ಗಂಡ ಡೌವೆ ಸೈಕಲ್ ಹತ್ತಿ ಹೋದವನು ಮನೆಗೆ ಬರಲಿಲ್ಲ. ಮಾರನೆಯ ದಿನ ಸೈಕಲ್ಲು ಕಡಲ ಏರಿಯ ಆಚೆ ಬದಿಯಲ್ಲಿ, ಉಬ್ಬರದ ನೀರು ನೆಕ್ಕುವ ಕಲ್ಲಿನ ಇಳಿಜಾರಿನಲ್ಲಿ ಬಿದ್ದಿತ್ತು. ಕ್ಯಾರಿಯರ್‌ನ ಎಡಕ್ಕೆ ಚೀಲ ನೇತಾಡುತ್ತಿತ್ತು, ಬಲಕ್ಕೆ ಏನೂ ಇರಲಿಲ್ಲ. ಹೆಣ ಸಿಗಲಿಲ್ಲ. ಆ ಕಡಲು ತೆಗೆದುಕೊಂಡದ್ದನ್ನು ವಾಪಸು ಕೊಡುವ ಪೈಕಿಯಲ್ಲ. ಊರಿಗೆ ಹೆಣ ಸಿಗದಿದ್ದರೇನು, ಕಥೆ ಸಿಕ್ಕಿತು: ಓಡುವಾಗ ಬಲಗಡೆ ಚೀಲದ ಕೊಕ್ಕೆ ಬಿಟ್ಟಿದೆ, ಚೀಲ ಉರುಳಿದೆ, ಹಿಡಿಯಲು ಇಳಿದವನ ಕಾಲು ಪಾಚಿಗಲ್ಲಿನ ಮೇಲೆ ಜಾರಿದೆ, ನೀರು ಎಳೆದುಕೊಂಡಿದೆ.

ಆ ಕೊಕ್ಕೆಯನ್ನು ಹಿಂದಿನ ಸಂಜೆ ಕೂರಿಸಿದವಳು ನೀಂಕೆ. ಗಂಡ ಹೆಂಡತಿಗೆ ಅವತ್ತು ಮಾತಿಗೆ ಮಾತು ಬೆಳೆದಿತ್ತು. ಅವನು ತಲೆಯ ಮೇಲೆ ನಿಂತು ಬೇಗ ಬೇಗ ಎನ್ನುತ್ತಿದ್ದ. ಅವಳು ಸಿಟ್ಟಿನಲ್ಲಿ ಎರಡು ರಿವೆಟ್ ಬಡಿದು ಚೀಲವನ್ನು ಅವನ ಕಾಲ ಬಳಿ ಎಸೆದಿದ್ದಳು. ಎಳೆದು ನೋಡಿರಲಿಲ್ಲ. ಪೊಲೀಸರಿಗೆ ಹೇಳಬೇಕಾದ ವಿಷಯ ಅದಲ್ಲವಾದರೂ ಏರಿಯ ಮೇಲೆ ನಿಂತಾಗ ಅತ್ತೆಗೆ ಹೇಳಿಬಿಟ್ಟಳು. ಬಾಕ್ಯೆ ನೀರನ್ನೇ ನೋಡುತ್ತಾ, "ಒಂದ್ಸಲ ಎಳೆದು ನೋಡಿದ್ರೆ ನಿನ್ನ ಕೈ ಸವೀತಿತ್ತಾ?" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಕ್ಯೆ ಮತ್ತೆಂದೂ ಅದನ್ನು ಎತ್ತಲಿಲ್ಲ, ವಾಪಸೂ ತೆಗೆದುಕೊಳ್ಳಲಿಲ್ಲ. ಗೋಡೆಗೆ ಗೋಡೆ ಅಂಟಿದ ಎರಡು ಮನೆಗಳಲ್ಲಿ ಅತ್ತೆ ಸೊಸೆ ಉಳಿದರು. ಅತ್ತೆಗೆ ಜ್ವರ ಬಂದರೆ ಗಂಜಿ ಕಾಯಿಸುವವಳು ಸೊಸೆ, ಸೊಸೆಗೆ ಕಾಲುಚೀಲ ಹೆಣೆಯುವವಳು ಅತ್ತೆ. ಪ್ರೀತಿ ಇತ್ತು. ಅದರ ನಡುವೆ ಆ ಮಾತೂ ಇತ್ತು.

ಪೊಲೀಸರು ಮರಳಿಸಿದ ಸೈಕಲ್ಲು ಹಿತ್ತಲಿನ ಕೊಟ್ಟಿಗೆಯಲ್ಲಿ ಹಾಗೇ ನಿಂತಿತ್ತು. ಎಡಗಡೆಯ ಚೀಲವನ್ನು ಬಿಚ್ಚುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕಡಲಗಾಳಿ ಬೀಸಿದರೆ ಹಲಗೆಗಳ ಸಂದಿಯಿಂದ ಒಳಬಂದು ಆ ಚೀಲವನ್ನು ಅಲ್ಲಾಡಿಸುತ್ತಿತ್ತು: ಟಕ್. ಟಕ್. ನೀಂಕೆ ಒಲೆಯ ಮುಂದೆ ನಿಂತಲ್ಲೇ ಕಲ್ಲಾಗುತ್ತಿದ್ದಳು. ಗಾಳಿ ಇದ್ದ ದಿನ ಸರಿ, ಎಲೆಯೂ ಅಲ್ಲಾಡದ ದಿನಗಳಲ್ಲೂ ಅವಳಿಗೆ ಆ ಸದ್ದು ಕೇಳುತ್ತಿತ್ತು. ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಬಹುದಿತ್ತು, ಆದರೆ ಅಂಥ ದಿನಗಳಲ್ಲೇ ಬಾಕ್ಯೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ಇವತ್ತು ಗಾಳಿ ಇಲ್ಲ, ಅಲ್ವಾ?" ಎಂದು ಕೇಳುತ್ತಿದ್ದಳು. "ಇಲ್ಲ ಅತ್ತೆ," ಎನ್ನುತ್ತಿದ್ದಳು ನೀಂಕೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಈ ವರ್ಷದ ನವೆಂಬರಿನ ಒಂದು ಶನಿವಾರ ಮಂಜು ಕಿಟಕಿಗೆ ಬಂದು ಅಂಟಿಕೊಂಡಿತ್ತು. ನೀಂಕೆ ಯಾರದೋ ಚೀಲದ ಪಟ್ಟಿ ಹೊಲಿಯುತ್ತಿದ್ದಾಗ ಹೊರಗೆ ಕಲ್ಲುಹಾಸಿನ ಮೇಲೆ ಸದ್ದಾಯಿತು. ಟಕ್. ಟಕ್. ಟಕ್. ಹತ್ತಿರ ಬರುತ್ತಿತ್ತು. ಸೂಜಿ ಬೆರಳಿಗೆ ಚುಚ್ಚಿತು. ಗಾಳಿಯಂತೂ ಇರಲಿಲ್ಲ.

ಬಾಗಿಲು ತೆರೆದು ಬಂದವಳು ಒಬ್ಬ ಹುಡುಗಿ; ಕೂದಲ ತುದಿಯಿಂದ ಮಂಜಿನ ನೀರು ಇಳಿಯುತ್ತಿತ್ತು, ಬಗಲಲ್ಲಿ ಸೈಕಲ್ಲಿನಿಂದ ಕಳಚಿದ ಒಂದು ಚೀಲ.

"ಕೊಕ್ಕೆ ನೀಂಕೆ ಅಂದ್ರೆ ನೀವೇನಾ?" ಎಂದು ಕೇಳಿ, ತಾನೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಎಲ್ಲರೂ ಹಾಗೇ ಅಂತಾರೆ, ಅದಕ್ಕೆ ಬಾಯಿಗೆ ಬಂತು. ನಾನು ಮೆರೆಲ್. ಆಸ್ಪತ್ರೆಗೆ ಹೊಸದಾಗಿ ಬಂದಿರೋ ನರ್ಸು. ಇದು ದಾರಿ ಉದ್ದಕ್ಕೂ ಟಕ್ ಟಕ್ ಅಂತ ಪ್ರಾಣ ತಿನ್ನುತ್ತೆ. ನಿನ್ನೆ ಅಂತೂ ಜಾರಿ ಚಕ್ರಕ್ಕೇ ಸಿಕ್ಕೋದ್ರಲ್ಲಿತ್ತು."

"ಒಂದೇನಾ? ಜೊತೆದೆಲ್ಲಿ?"

"ಮಾರಿದವರ ಹತ್ರ ಒಂದೇ ಇದ್ದಿದ್ದು. ನಾನೊಬ್ಬಳೇ ತಿನ್ನೋಳು, ಒಂದು ಚೀಲ ದಿನಸಿ ಸಾಕು ನಂಗೆ."

ಮಾಸಿದ ಹಸಿರು ಚೀಲ. ಅಂಥವು ಊರಲ್ಲಿ ನೂರಾರಿವೆ. ನೀಂಕೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಬೆನ್ನಿನ ಹಲಗೆಯ ಮೇಲೆ ಅಲ್ಯೂಮಿನಿಯಂ ಪಟ್ಟಿ ಇತ್ತು. ಪಟ್ಟಿಯ ಅಂಚಿನಲ್ಲಿ ಗುಂಡು ಸುತ್ತಿಗೆಯ ಕುಳಿಗಳು, ಸಿಟ್ಟಿನಲ್ಲಿ ಬಡಿದವರ ಕೈ ತಪ್ಪಿ ಬಿದ್ದ ಏಟುಗಳು. ಬೇರೆಯವರ ಕೈಬರಹ ಗುರುತು ಹಿಡಿಯುವುದು ಕಷ್ಟವಿರಬಹುದು, ತನ್ನ ಸುತ್ತಿಗೆಯ ಏಟು ಯಾರಿಗೆ ತಿಳಿಯುವುದಿಲ್ಲ?

ಕಡಲು ಕೊನೆಗೂ ಕಕ್ಕಿತು ಎಂಬುದು ಅವಳ ಮೊದಲ ಯೋಚನೆ. ಕಣ್ಣು ಕಿರಿದು ಮಾಡಿ ಹಳೆಯ ತೂತುಗಳನ್ನು ಹುಡುಕಿದಳು. ರಿವೆಟ್ ಕಿತ್ತು ಬಂದಿದ್ದರೆ ತೂತು ಹರಿದು ಉದ್ದವಾಗಿರಬೇಕು. ಹರಿದಿರಲಿಲ್ಲ. ಎರಡೂ ತೂತುಗಳು ಗುಂಡಗೆ, ಸುತ್ತ ತಾಮ್ರದ ಹಸಿರು ಬಳೆಯೊಂದಿಗೆ ನೆಟ್ಟಗಿದ್ದವು. ರಿವೆಟ್‌ಗಳನ್ನು ಯಾರೋ ಹಿಂದಿನಿಂದ ಡ್ರಿಲ್ ಹಾಕಿ, ಪುರುಸೊತ್ತಾಗಿ, ಹಲಗೆಗೆ ನೋವಾಗದಂತೆ ತೆಗೆದಿದ್ದರು. ಪಟ್ಟಿಯನ್ನು ಎರಡು ಬೆರಳು ಮುಂದಕ್ಕೆ ಸರಿಸಿ ಹೊಸ ತೂತು ಕೊರೆದಿದ್ದರು. ಹಾಗೆ ಯಾಕೆ ಸರಿಸುತ್ತಾರೆ ಎಂಬುದನ್ನು ನೀಂಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇರೆ ಸೈಕಲ್ಲಿನ ಗಿಡ್ಡ ಕ್ಯಾರಿಯರ್‌ಗೆ ಹೊಂದಿಸಲು.

ಹೊಸ ತೂತುಗಳಲ್ಲಿ ರಿವೆಟ್ ಇರಲಿಲ್ಲ. ಕೊಕ್ಕೆಯನ್ನು ನೀಲಿ ನೈಲಾನ್ ದಾರದಿಂದ ಒತ್ತೊತ್ತಾಗಿ ಸುತ್ತಿ ಕಟ್ಟಿದ್ದರು, ಎಡಚರು ಸುತ್ತುವ ಹಾಗೆ ತಿರುಗುಮುರುಗಾಗಿ. ಡೌವೆ ಎಡಚ. ದಾರದ ತುದಿಯನ್ನು ಬೆಂಕಿಗೆ ಹಿಡಿದು, ಕರಗಿದ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿದ್ದರು. ಅದೂ ಅವನ ಚಾಳಿ. ಸುಟ್ಟುಕೊಳ್ಳುತ್ತೀಯಾ ಎಂದು ಎಷ್ಟು ಬೈದರೂ ಬಿಡುತ್ತಿರಲಿಲ್ಲ. ಆ ನೀಲಿ ಮುದ್ದೆಯ ಮೇಲೆ ಹೆಬ್ಬೆರಳಿನ ಗೆರೆಗಳು ಇವತ್ತು ಒತ್ತಿದಷ್ಟು ಸ್ಪಷ್ಟವಾಗಿದ್ದವು. ಗೆರೆಗಳನ್ನು ಅಡ್ಡಲಾಗಿ ಸೀಳಿ ಒಂದು ಗಾಯದ ಗುರುತು. ಏಳು ವರ್ಷದವನಿದ್ದಾಗ ಮೀನಿನ ಚೂರಿಯಿಂದ ಕೊಯ್ದುಕೊಂಡಿದ್ದನಂತೆ.

ನೀಂಕೆ ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು.

ನಾನು ಕೊಂದಿಲ್ಲ. ಈ ಮಾತು ಒಳಗಿನಿಂದ ಎಷ್ಟು ಜೋರಾಗಿ ಎದ್ದಿತೆಂದರೆ, ಅವಳು ಬಾಯಿಬಿಟ್ಟು ಅಂದುಬಿಟ್ಟೆನೇನೋ ಎಂದು ಹೆದರಿ ಸುತ್ತ ನೋಡಿದಳು. ರಿವೆಟ್ ಬಿಟ್ಟಿರಲಿಲ್ಲ. ಅವನು ಬಿದ್ದಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಬಂತು: ಹಾಗಾದರೆ ಸೈಕಲ್ಲನ್ನು ಇಳಿಜಾರಿನಲ್ಲಿ ಮಲಗಿಸಿದವನು ಅವನೇ. ಬಟ್ಟೆ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಏರಿ ಇಳಿದು ನಡೆದಿದ್ದಾನೆ. ಯಾವುದೋ ಊರಲ್ಲಿ, ಯಾವುದೋ ಸೈಕಲ್ಲಿಗೆ, ಕೂತು ಕೊಕ್ಕೆ ಹೊಂದಿಸಿಕೊಂಡಿದ್ದಾನೆ. ಇವಳು ಇಲ್ಲಿ ಊರವರ ಚೀಲಗಳಿಗೆ ಜೋತುಬೀಳುತ್ತಿದ್ದಳು.

"ಏನಾಯ್ತು? ರಿಪೇರಿ ಆಗಲ್ವಾ?" ಎಂದಳು ಮೆರೆಲ್.

"ಆಗುತ್ತೆ. ಎಲ್ಲಿ ಕೊಂಡಿದ್ದು ಇದು?"

"ಡೆವೆಂಟರ್ ಊರಲ್ಲಿ. ನೆಟ್‌ನಲ್ಲಿ ಹಾಕಿದ್ರು, ಮನೆಗೇ ಹೋಗಿ ತಗೊಂಡೆ. ಈ ಬೇಸಿಗೆಯಲ್ಲಿ."

ಅತ್ತ ಬಾಕ್ಯೆ ಇಸ್ತ್ರಿಪೆಟ್ಟಿಗೆಯವನಿಗೆ ಕಾಫಿ ಬಗ್ಗಿಸುತ್ತಿದ್ದಳು. ನೀಂಕೆ ಆ ಬಾಗಿದ ಬೆನ್ನನ್ನು ನೋಡಿದಳು. ಈ ನೀಲಿ ದಾರವನ್ನು ಎತ್ತಿ ತೋರಿಸಿದರೆ ಸಾಕು, ಹನ್ನೊಂದು ವರ್ಷದ ಆಪಾದನೆ ಇಲ್ಲೇ ತೊಳೆದುಹೋಗುತ್ತದೆ. ಎಷ್ಟು ಆಸೆಯಾಯಿತೆಂದರೆ ಚೀಲವನ್ನು ಅರ್ಧ ಮೇಲೆತ್ತಿಯೂ ಬಿಟ್ಟಳು. ಆದರೆ ಬಾಕ್ಯೆಗೆ ಈಗ ಇರುವವನು ಚೀಲ ಹಿಡಿಯಲು ಹೋಗಿ ಕಡಲಿಗೆ ಬಿದ್ದ ಪಾಪದ ಮಗ. ಪ್ರತಿ ಭಾನುವಾರ ಅವನಿಗೊಂದು ಮೇಣದ ಬತ್ತಿ ಹಚ್ಚುತ್ತಾಳೆ. ಅವನನ್ನು ಕಿತ್ತುಕೊಂಡು, ಬದುಕಿದ್ದೂ ಹೆತ್ತವಳ ಕಡೆ ತಿರುಗಿ ನೋಡದ ಮಗನನ್ನು ಕೈಗೆ ಕೊಡುವುದೇ? ನನ್ನ ಮೇಲಿನ ಮಾತು ಇದ್ದರೆ ಇರಲಿ, ಹೊತ್ತು ಅಭ್ಯಾಸವಾಗಿದೆ ಎಂದುಕೊಂಡಳು ನೀಂಕೆ. ಕತ್ತರಿ ತೆಗೆದು ಕಟ್ಟನ್ನು ಕತ್ತರಿಸಿದಳು, ತುಂಡನ್ನು ಒರೆಸುವ ಬಟ್ಟೆಯ ಕೆಳಗೆ ತಳ್ಳಿದಳು.

ಹೊಸ ರಿವೆಟ್ ಬಡಿದಳು. ಕೊಕ್ಕೆಯ ಬಾಯಿಗೆ ಹಳೆಯ ಟ್ಯೂಬಿನ ತುಂಡು ತುರುಕಿದಳು, ಇನ್ನು ಸದ್ದು ಮಾಡದಿರಲೆಂದು. ಚೀಲವನ್ನು ಗೋಡೆಯ ಕ್ಯಾರಿಯರ್‌ಗೆ ಸಿಕ್ಕಿಸಿ, ಒಮ್ಮೆ ಎಳೆದು, ಬಿಟ್ಟುಬಿಟ್ಟಳು.

ಅದೇ ತಪ್ಪಾಯಿತು. ಬಾಕ್ಯೆ ಕಾಫಿಯ ಜಗ್ಗು ಹಿಡಿದುಕೊಂಡು ಬಂದಳು.

"ಯಾಕೆ, ಇವತ್ತು ಒಂದೇ ಸಲಕ್ಕೆ ಮುಗೀತಾ? ಮೈ ಸರಿ ಇಲ್ವಾ? ಮುಖ ಬಿಳಿಚಿಕೊಂಡಿದೆ."

"ಏನಿಲ್ಲ ಅತ್ತೆ."

"ಬಟ್ಟೆ ಕೆಳಗೆ ಏನದು?"

"ಕಸ."

"ಕಸ ಆದ್ರೆ ಬುಟ್ಟಿಗೆ ಹಾಕ್ತೀಯ, ಮುಚ್ಚಿಡೋಳಲ್ಲ ನೀನು." ಬಾಕ್ಯೆ ಬಟ್ಟೆ ಎತ್ತಿದಳು. ನೀಲಿ ತುಂಡನ್ನು ಬೆಳಕಿಗೆ ಹಿಡಿದಳು. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದಳು.

ನೋಡುತ್ತಲೇ ಇದ್ದಳು. ಆ ಗಾಯಕ್ಕೆ ಬಟ್ಟೆ ಸುತ್ತಿದವಳು ಅವಳೇ ತಾನೆ. ಆಮೇಲೆ ಗೋಡೆಯ ಮೇಲಿದ್ದ ಚೀಲವನ್ನು ತಿರುಗಿಸಿ, ಖಾಲಿ ಬಿದ್ದಿದ್ದ ಹಳೆಯ ಎರಡು ತೂತುಗಳ ಮೇಲೆ ಬೆರಳಾಡಿಸಿದಳು. ಅಷ್ಟು ವರ್ಷ ಸೊಸೆಯ ಕೆಲಸ ನೋಡಿದವಳು, ಹರಿದ ತೂತು ಯಾವುದು ಬಿಚ್ಚಿದ ತೂತು ಯಾವುದು ಎಂಬುದು ಅವಳಿಗೂ ಗೊತ್ತಿತ್ತು.

"ಕಿತ್ತು ಬಂದಿದ್ದಲ್ಲ ಇದು," ಎಂದಳು.

"ಅಲ್ಲ ಅತ್ತೆ."

"ಗೊತ್ತಿದ್ದೂ ನನ್ನಿಂದ ಮುಚ್ಚಿಟ್ಟೆ."

ಬಾಕ್ಯೆ ನೀಲಿ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಪಾಪಿ ನಾನು," ಎಂದಳು, "ನಿನಗೆ ಎಂಥಾ ಮಾತು ಅಂದೆ." ಜಗ್ಗನ್ನು ಮೇಜಿನ ಮೇಲಿಟ್ಟು, ಮೆರೆಲ್ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತಳು.

"ಹುಡುಗಿ, ಇದನ್ನ ಮಾರಿದವನು ಇದ್ದಾನಲ್ಲ. ದಪ್ಪಗಿದ್ದನಾ, ಸಣ್ಣಗಿದ್ದನಾ?"

ಮೆರೆಲ್‌ಗೆ ನಗು ಬಂತು. "ಇದೇನಜ್ಜಿ ಪ್ರಶ್ನೆ! ದಪ್ಪಗೇ ಇದ್ರು. ಹೊಟ್ಟೆ ಬಂದಿತ್ತು."

"ಆರೋಗ್ಯವಾಗಿದ್ದನಾ?"

"ಗುಂಡುಕಲ್ಲಿನ ಹಾಗಿದ್ರು. ಒಂದು ಪುಟ್ಟ ಹುಡುಗಿ ಅವರ ಕಾಲಿಗೆ ಜೋತುಬಿದ್ಕೊಂಡು ಅಪ್ಪಾ ಅಪ್ಪಾ ಅಂತ ಮಾತಾಡೋಕೇ ಬಿಡ್ತಿರ್ಲಿಲ್ಲ."

ಬಾಕ್ಯೆ ತಲೆಯಾಡಿಸಿದಳು. ನೀಂಕೆ ಮೇಜಿನ ಅಂಚು ಹಿಡಿದುಕೊಂಡಳು. ಇಬ್ಬರ ಮುಖವನ್ನೂ ನೋಡಿದ ಮೆರೆಲ್‌ಗೆ ತಮಾಷೆಯ ವಿಷಯ ಇದಲ್ಲ ಎಂದು ಹೊಳೆಯಿತು. ಜೇಬಿನಿಂದ ಫೋನು ತೆಗೆದಳು.

"ನಿಮಗೆ ಬೇಕಾದವರಾ? ಅವರ ನಂಬರ್ ಇನ್ನೂ ಇದೆ ನನ್ನ ಹತ್ರ. ಕೊಡ್ಲಾ?"

ನೀಂಕೆಯ ಬಾಯಿ ತೆರೆಯಿತು. ಬೇಕು ಎನ್ನುತ್ತಿದ್ದಳೋ ಬೇಡ ಎನ್ನುತ್ತಿದ್ದಳೋ ಅವಳಿಗೇ ತಿಳಿಯದು. ಅಷ್ಟರಲ್ಲಿ ಬಾಕ್ಯೆ ಸೊಸೆಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಬೇಡ ಮಗಳೇ," ಎಂದಳು ಮೆರೆಲ್‌ಗೆ. "ನಮ್ಮನೆ ಫೋನ್ ನಂಬರ್ ಅವನಿಗೆ ಗೊತ್ತು, ಹನ್ನೊಂದು ವರ್ಷದಿಂದ ಅದೇ ಇದೆ."