ಹಾಡು ನಿಂತಲ್ಲಿಂದ

ಡಿಸೆಂಬರ್ ಇಪ್ಪತ್ತೊಂಬತ್ತರ ಸಂಜೆ ಥಾಣೆಯ ಒಂದು ಚರ್ಚಿನಲ್ಲಿ ಹಾಡಲು ನಮ್ಮ ಕಾಲೇಜಿನ ಕ್ವಾಯರ್‌ಗೆ ಕರೆ ಬಂದಿತ್ತು. ಅಂದು ಥಾಮಸ್ ಬೆಕೆಟ್ ಎಂಬ ಇಂಗ್ಲೆಂಡಿನ ಸಂತನ ದಿನ. ಅವನ ಮೇಲೆ ಕಟ್ಟಿದ ಲ್ಯಾಟಿನ್ ಹಾಡಿನಲ್ಲಿ ಒಂದು ಚರಣ ಒಬ್ಬರೇ ಹಾಡುವುದು. ಮಂಗಳೂರು ಕಡೆಯ ಭಜನೆ ಹಾಡಿ ಬೆಳೆದ ನನಗೆ, ಡೊಂಬಿವಲಿಯ ರಮಿತಾಗೆ, ಅದು ಸಿಕ್ಕಿತ್ತು. ಆ ಖುಷಿಗೆ ಮನೆಯಲ್ಲಿ ಕುಣಿದದ್ದಕ್ಕೆ ಕೆಳಗಿನ ಫ್ಲ್ಯಾಟಿನವರು ಬೆಲ್ ಒತ್ತಿದ್ದರು.

ತೊಡಕು ಒಂದೇ. ಚರಣ ಮುಗಿದ ಮೇಲೆ ಈ ಹಾಡು ಪಲ್ಲವಿಯ ಮೊದಲಿಗೆ ಬರುವುದಿಲ್ಲ, ಅದರ ನಡುವಿನ ಸಾಲಿಗೆ ಬಂದು ಸೇರುತ್ತದೆ. ಆ ಸಾಲನ್ನು ನಾನೇ ಎತ್ತಿಕೊಡಬೇಕು. ಪ್ರತಿ ಸಲವೂ ನನ್ನ ನಾಲಿಗೆ ಸೀದಾ ಪಲ್ಲವಿಯ ಮೊದಲಿಗೆ ಓಡುತ್ತಿತ್ತು. ನಮ್ಮನ್ನು ಹಾಡಿಸುವ ಅನ್ಸೆಲ್ಮ್ ಸರ್ ಪಿಯಾನೊ ಮುಚ್ಚಿ, ಶನಿವಾರವೂ ಹೀಗೇ ಆದರೆ ಚರಣ ಯಾಮಿನಿಗೆ ಎಂದರು. ನನ್ನ ಪಕ್ಕದಲ್ಲೇ ನಿಂತು ಹಾಡುವ ಯಾಮಿನಿ ನಗು ಮುಚ್ಚಲು ಬಾಟಲಿ ಎತ್ತಿ ನೀರು ಕುಡಿದಳು. ನಡುವಿನಿಂದಲೇ ಏಕೆ ಎಂದು ಕೇಳಿದೆ. ಪದ್ಧತಿ ಎಂದರು ಸರ್. ಅದೊಂದು ಉತ್ತರವೇ?

ಮರುದಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಗುನುಗುತ್ತಿದ್ದೆ. ಅಲ್ಲಿ ದಿನಾ ಭಜನೆ ನಡೆಸುವವರು ಚಂದ್ರಬಾಯಿ, ಕಲ್ಯಾಣದಿಂದ ಹತ್ತಿ ಬರುವ ವಿಜಾಪುರದ ಹೆಂಗಸು.

"ಏನದು, ಒಬ್ಬಾಕಿನ ಗುಣಗುಣ ಅಂತಿ? ಬಾಯಿ ಬಿಟ್ಟು ಹಾಡು, ನಾವೂ ಹಿಡೀತೀವಿ."

ಹಾಡಿದೆ. ಥಾಣೆ ಬರುವಷ್ಟರಲ್ಲಿ ಇಡೀ ಡಬ್ಬಿ ತಾಳ ಹಾಕಿ ಲ್ಯಾಟಿನ್ ಹಾಡುತ್ತಿತ್ತು, ಚರಣ ಮುಗಿದಾಗಲೆಲ್ಲ ಮೊದಲ ಸಾಲಿಗೇ ಮರಳುತ್ತ. ನಾನು ಇನ್ನಷ್ಟು ಕೆಟ್ಟೆ. ಅಲ್ಲಿಗಲ್ಲ ಆಂಟಿ, ನಡುವಿಗೆ ಬರಬೇಕು ಎಂದರೆ ಚಂದ್ರಬಾಯಿಗೆ ಸಿಟ್ಟು.

"ಪಲ್ಲವಿಗೆ ಹೊಳ್ಳಿ ಬರದಿದ್ರ ಅದೆಂಥಾ ಭಜನಿ? ಮನಿಗೆ ಬರದ ಗಂಡನ ಹಂಗಾತು."

ಶುಕ್ರವಾರ ಅವರು ಆ ಸಂತ ಯಾರೆಂದು ಕೇಳಿದರು. ಫೋನಿನಲ್ಲಿ ಓದಿದ್ದನ್ನು ಹೇಳಿದೆ. ರಾಜನ ಮಾತಿಗೆ ಬಗ್ಗದ ಗುರು. ರಾಜನ ಕಡೆಯ ನಾಲ್ವರು ಕತ್ತಿ ಹಿಡಿದು ಚರ್ಚಿಗೇ ನುಗ್ಗಿದರು. ಒಳಗೆ ಸಂಜೆಯ ಪ್ರಾರ್ಥನೆ ಹಾಡುತ್ತಿದ್ದರು. ಅಲ್ಲೇ ಕಡಿದರು.

ಚಂದ್ರಬಾಯಿ ತಾಳ ಮಡಿಲಲ್ಲಿಟ್ಟರು.

"ಹಾಡು ನಡೀವಾಗ ಕಡದಾರ," ಎಂದರು. "ಅಂದ್ಮ್ಯಾಗ ಮೊದಲಿಂದ ಹೆಂಗ ಹಾಡ್ತಾರ? ಎಲ್ಲಿ ನಿಂತಿತ್ತೋ ಅಲ್ಲಿಂದನ ಎತ್ಕೋಬೇಕು."

ಶನಿವಾರ ತಪ್ಪಲಿಲ್ಲ. ಕಾರಣ ಸಿಕ್ಕ ಸಂತೋಷಕ್ಕೆ ಸರ್‌ಗೆ ಹೇಳಿದೆ. ಅವರು ನಕ್ಕರು. ಈ ಬಗೆಯ ಹಾಡುಗಳೆಲ್ಲ ಹೀಗೇ, ಬೆಕೆಟ್ ಹುಟ್ಟುವ ಮೊದಲಿನಿಂದಲೂ ಎಂದರು. ಚಂದ್ರಬಾಯಿಗೆ ನಾನದನ್ನು ಹೇಳಲಿಲ್ಲ. ಹಾಡಲು ನನಗೆ ಅವರ ಕಾರಣವೇ ಬೇಕಿತ್ತು.

ಇಪ್ಪತ್ತೊಂಬತ್ತರಂದು ಅವರೂ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಸೆರಗು ಹೊದ್ದು ಕೊನೆಯ ಬೆಂಚಿನಲ್ಲಿ ಕೂತರು. ನನ್ನ ಚರಣ ಬಂತು. ಕೊನೆಯ ಸ್ವರ ಇಳಿಯುತ್ತಿದ್ದಂತೆ ಪಲ್ಲವಿ ನಾಲಿಗೆಯನ್ನು ಎಳೆಯತೊಡಗಿತು. ಅಷ್ಟು ದೂರದಲ್ಲಿ ಚಂದ್ರಬಾಯಿಯ ಎರಡು ಅಂಗೈಗಳೂ ಅಭ್ಯಾಸಬಲದಿಂದ ತಾಳಕ್ಕೆ ಮೇಲೆದ್ದವು.

ಎದ್ದವು, ಗಾಳಿಯಲ್ಲೇ ನಿಂತವು.

ನಾನು ನಡುವಿನ ಸಾಲು ಎತ್ತಿಕೊಂಡೆ. ಹಿಂದಿನಿಂದ ಎಲ್ಲರೂ ಬಂದು ಸೇರಿದರು.